ತೋಟದ ಮಳೆ ಲೆಕ್ಕಕ್ಕೊಂದು ಪುಟ್ಟ ಕಂಪ್ಯೂಟರ್: ಮಲೆನಾಡಿನ ಮಳೆಗಾಲ ತಾಳಿಕೊಳ್ಳುವಂತೆ ಕಟ್ಟುವ ಬಗೆ

ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್ಸ್ ಲೆಕ್ಕದಲ್ಲಿ ಹೇಳುವುದೇ ರೂಢಿ. ಒಂದು ಇಂಚಿಗೆ ನೂರು ಸೆಂಟ್ಸ್, ಮಿಲಿಮೀಟರಿನಲ್ಲಿ 25.4. ಬೆಳಿಗ್ಗೆ ರೈಟರು (ತೋಟದ ಗುಮಾಸ್ತರು) ಮಳೆಮಾಪಕದ ನೀರನ್ನು ಅಳತೆಯ ಗಾಜಿನ ಜಾಡಿಗೆ ಸುರಿದು, ಕಂಡ ಅಂಕಿಯನ್ನು ಮಳೆ ಪುಸ್ತಕಕ್ಕೆ ಏರಿಸುತ್ತಾರೆ. ಈ ಪದ್ಧತಿಯಲ್ಲಿ ದಿನದ ಮೊತ್ತ ಸಿಗುತ್ತದೆಯೇ ಹೊರತು ಮಳೆ ಎಷ್ಟು ಹೊತ್ತಿಗೆ ಬಂತು, ಎಷ್ಟು ಬಿರುಸಾಗಿ ಬಂತು ಎಂಬುದು ಸಿಗುವುದಿಲ್ಲ. ಮಾರ್ಚ್–ಏಪ್ರಿಲ್‌ನ ಹೂಮಳೆಯ (ಕಾಫಿ ಹೂವನ್ನು ಅರಳಿಸುವ ಮಳೆಯ) ಕಾಲದಲ್ಲಿ ಈ ವ್ಯತ್ಯಾಸ ಸಣ್ಣದೇನಲ್ಲ. ರಾತ್ರಿ ಬಿದ್ದ ಎಂಬತ್ತು ಸೆಂಟ್ಸ್ ಮಳೆ ಕಾಲು ಗಂಟೆಯಲ್ಲಿ ಸುರಿದು ಇಳಿಜಾರಿನಲ್ಲಿ ಹರಿದುಹೋಯಿತೋ, ಮೂರು ಗಂಟೆ ನಿಧಾನವಾಗಿ ಹನಿದು ಗಿಡದ ಬುಡಕ್ಕೆ ಇಳಿಯಿತೋ ಎಂಬುದನ್ನು ನೋಡಿಯೇ ಮರುದಿನ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಬೇಕೇ ಬೇಡವೇ ಎಂದು ತೀರ್ಮಾನಿಸಬೇಕಾಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆಯಾದರೂ, ಕೊಟ್ಟಿಗೆಹಾರದ ಮಳೆಯೇ ಬೇರೆ, ಮೂಡಿಗೆರೆ ಪೇಟೆಯ ಮಳೆಯೇ ಬೇರೆ ಎಂದು ತಿಳಿದವರಿಗೆ ತಮ್ಮ ಕಣದಲ್ಲಿ ಬಿದ್ದ ಮಳೆ ತಮಗೇ ಬೇಕು.

ಈ ಲೇಖನದಲ್ಲಿ ವಿವರಿಸುವುದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಟಿಪ್ಪಿಂಗ್ ಬಕೆಟ್ (ಬಟ್ಟಲು ತುಂಬಿದಂತೆಲ್ಲ ಮಗುಚುವ) ಮಳೆಮಾಪಕವೊಂದನ್ನು ಜೋಡಿಸಿ, ಮಳೆಯ ಪ್ರತಿ ಸೆಂಟ್ಸನ್ನೂ ಸಮಯ ಸಮೇತ ದಾಖಲಿಸುವ ಕ್ರಮವನ್ನು. 2021ರಲ್ಲಿ ಬಂದ ಈ ಬೋರ್ಡು ಬಬಲ್‌ಗಮ್ ಪಟ್ಟಿಯಷ್ಟು ಪುಟ್ಟದು. 512 ಎಂಬಿ ಮೆಮೊರಿ, ವೈಫೈ ಎರಡೂ ಅದರಲ್ಲೇ ಇವೆ. ಬರೀ ಎಣಿಕೆಯಷ್ಟೇ ಸಾಕೆಂದರೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಕಡಿಮೆ ಕರೆಂಟು ತಿನ್ನುವ ಪೈಕೊ ಡಬ್ಲ್ಯೂ ಅಥವಾ ಇಎಸ್‌ಪಿ32 ಬೋರ್ಡು ಸಾಕು ಎಂದು ಬಲ್ಲವರು ಹೇಳುತ್ತಾರೆ. ಆ ಮಾತು ಸರಿಯೇ. ಆದರೆ ಅವುಗಳಲ್ಲಿ ವರ್ಷಗಳ ದಾಖಲೆಯನ್ನು ಇಡಲು ಸಾಮಾನ್ಯವಾಗಿ ಇಂಟರ್‌ನೆಟ್ಟಿನ ಆಚೆಯ ಯಾವುದೋ ಸೇವೆಯನ್ನು ನೆಚ್ಚುತ್ತೇವೆ. ಜುಲೈ ತಿಂಗಳಲ್ಲಿ ಫೋನಿನ ಸಿಗ್ನಲ್ಲೇ ದಿನಗಟ್ಟಲೆ ಮಾಯವಾಗುವ ಜಾಗದಲ್ಲಿ ದಾಖಲೆ ಮನೆಯಲ್ಲೇ ಇರಬೇಕು, ಮನೆಯ ವೈಫೈನಲ್ಲೇ ನೋಡಲು ಸಿಗಬೇಕು ಎಂಬ ಕಾರಣಕ್ಕೆ ನಾನು ಪೈಯನ್ನು ಆರಿಸಿಕೊಂಡೆ.

ನಾನು ಕಟ್ಟಿದ ಮೊದಲ ಯಂತ್ರದ ಪ್ರೋಗ್ರಾಮನ್ನು ಒಂದೇ ಸಂಜೆಯಲ್ಲಿ ಬರೆದು ಮುಗಿಸಿ ಬೀಗಿದ್ದೆ. ಅದು ಮೂರು ವಾರ ನಡೆಯಿತು. ಆರಿದ್ರಾ ಮಳೆ ಹಿಡಿದ ವಾರ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬಂದು, ಮೆಮೊರಿ ಕಾರ್ಡು ಕೆಟ್ಟು, ಬೋರ್ಡು ಏಳಲೇ ಇಲ್ಲ. ಕಾರ್ಡಿನಿಂದ ಹೇಗೋ ಹೊರತೆಗೆದ ದಾಖಲೆಯಲ್ಲಿ ಒಂದೇ ರಾತ್ರಿಯ ಮಳೆ ಎರಡು ಬೇರೆ ಬೇರೆ ತಾರೀಖುಗಳಲ್ಲಿ ಹಂಚಿಹೋಗಿತ್ತು. ಎರಡು ತಪ್ಪುಗಳೂ ಪ್ರೋಗ್ರಾಮಿನವಲ್ಲ. ಒಂದು ಕರೆಂಟಿನದು, ಇನ್ನೊಂದು ಗಡಿಯಾರದ್ದು. ಆದ್ದರಿಂದ ಸಾಮಾನ್ಯವಾಗಿ ಇಂಥ ಮಾರ್ಗದರ್ಶಿಗಳು ಕೊನೆಗೆ ಒಂದು ಸಾಲಿನಲ್ಲಿ ಮುಗಿಸುವ ಸಂಗತಿಗಳನ್ನು ಇಲ್ಲಿ ಮೊದಲಿಗೆ ತಂದಿದ್ದೇನೆ. ಪ್ರೋಗ್ರಾಮಿನ ಸರದಿ ಬರುವುದು ಅವುಗಳ ನಂತರ.

ಸಾಮಾನು

ಬೋರ್ಡಿನ ಜೊತೆಗೆ ಬೇಕಾಗುವವು ಇಷ್ಟು: 16 ಅಥವಾ 32 ಜಿಬಿಯ, ಸಿಸಿಟಿವಿ ಬಳಕೆಗೆಂದು ಮಾರುವ ಹೆಚ್ಚು ಬಾಳಿಕೆಯ ಮೈಕ್ರೋ ಎಸ್‌ಡಿ ಕಾರ್ಡು; ಚಿಕ್ಕ ಪೆನ್ ಡ್ರೈವ್ ಮತ್ತು ಅದನ್ನು ಸಿಕ್ಕಿಸಲು ಒಟಿಜಿ ಕೇಬಲ್; ಡಿಎಸ್3231 ಗಡಿಯಾರದ ಮಾಡ್ಯೂಲ್, ಅದಕ್ಕೊಂದು ಸಿಆರ್2032 ಬಿಲ್ಲೆ ಬ್ಯಾಟರಿ; ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ ಮುಚ್ಚುವ ಸ್ವಿಚ್ಚು) ಇರುವ ಟಿಪ್ಪಿಂಗ್ ಬಕೆಟ್ ಮಳೆಮಾಪಕ; 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಲ್ಡ್ ಬ್ಯಾಟರಿ, ಅದಕ್ಕೆ ತಕ್ಕ ಚಾರ್ಜರ್; 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರ್; ಬ್ಯಾಟರಿ ಇಳಿದಾಗ ಸಂಪರ್ಕ ಕಡಿದುಹಾಕುವ ಲೋ ವೋಲ್ಟೇಜ್ ಕಟ್-ಆಫ್ ಮಾಡ್ಯೂಲ್; ಒಂದು ಆಂಪಿಯರ್ ಫ್ಯೂಸ್; 10 ಕಿಲೋ ಓಮ್ ಮತ್ತು 1 ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್, 100 ನ್ಯಾನೋ ಫ್ಯಾರಡ್‌ನ ಒಂದು ಕೆಪ್ಯಾಸಿಟರ್; ಎಲೆಕ್ಟ್ರಿಷಿಯನ್ನರು ಹೊರಗೋಡೆಗೆ ಹಾಕುವ ಐಪಿ65 ಪ್ಲಾಸ್ಟಿಕ್ ಬಾಕ್ಸ್. ರೆಸಿಸ್ಟರು, ಕೆಪ್ಯಾಸಿಟರುಗಳು ಹಾಸನ ಅಥವಾ ಚಿಕ್ಕಮಗಳೂರಿನ ಟಿವಿ ರಿಪೇರಿ ಅಂಗಡಿಯಲ್ಲೂ ಸಿಗುತ್ತವೆ. ಉಳಿದದ್ದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕು, ಇಲ್ಲವೇ ಅಂಚೆಯಲ್ಲಿ ತರಿಸಬೇಕು. ಬೆಸುಗೆ ಹಾಕಿ ಅಭ್ಯಾಸವಿಲ್ಲದವರು ಪಿನ್‌ಗಳನ್ನು ಮೊದಲೇ ಕೂರಿಸಿದ ಬೋರ್ಡನ್ನು ಕೊಳ್ಳುವುದು ಒಳ್ಳೆಯದು. ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಮೊದಲು ಜಾಗ

ಮಳೆಮಾಪಕದ ಸುತ್ತ ಇರುವ ಮರ ಅಥವಾ ಕಟ್ಟಡ ಮಾಪಕದ ಬಾಯಿಗಿಂತ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರದಲ್ಲಿರಬೇಕು ಎಂಬುದು ನಿಯಮ. ಸಿಲ್ವರ್ ಓಕ್ ಮರಗಳ ನಡುವಿನ ತೋಟದಲ್ಲಿ ಇದನ್ನು ಪಾಲಿಸುವ ಜಾಗ ಹುಡುಕಿದರೆ ಕೊನೆಗೆ ಉಳಿಯುವುದು ಕಾಫಿ ಒಣಗಿಸುವ ಕಣ ಮಾತ್ರ. ಕಣದ ಮೂಲೆಯಲ್ಲಿ ಮೂರೂವರೆ ಅಡಿ ಎತ್ತರದ ಜಿಐ ಪೈಪನ್ನು ಕಾಂಕ್ರೀಟಿನಲ್ಲಿ ನೆಟ್ಟು ಅದರ ತುದಿಗೆ ಮಾಪಕವನ್ನು ಕೂರಿಸಿ. ಇದಕ್ಕಿಂತ ತಗ್ಗಾದರೆ ಸಿಮೆಂಟು ನೆಲದ ಮೇಲಿನಿಂದ ಸಿಡಿಯುವ ಹನಿ ಒಳಗೆ ಬೀಳುತ್ತದೆ. ಮನೆಯ ತಾರಸಿ ಅಥವಾ ಹಂಚಿನ ಮೇಲೆ ಇಡುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ಲಿ ಗಾಳಿ ಮಾಡಿನ ಅಂಚಿಗೆ ಬಡಿದು ಸುಳಿಯುವುದರಿಂದ ಮಳೆ ಬಾಯಿಯೊಳಗೆ ಬೀಳದೆ ಹಾರಿಹೋಗುತ್ತದೆ.

ಮಾಪಕ ಮಟ್ಟವಾಗಿರಬೇಕು. ಇದರೊಳಗೆ ತೊಟ್ಟಿಲಿನಂತೆ ಆಚೀಚೆ ವಾಲುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದ ಕೂಡಲೇ ಮಗುಚಿ ನೀರು ಚೆಲ್ಲಿ, ಇನ್ನೊಂದನ್ನು ಕೊಳವೆಯ ಕೆಳಗೆ ತರುತ್ತದೆ. ಮಗುಚುವಾಗ ಬಟ್ಟಲಿಗೆ ಅಂಟಿಸಿದ ಅಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾದುಹೋಗುವುದರಿಂದ ಸ್ವಿಚ್ಚು ಕ್ಷಣಕಾಲ ಮುಚ್ಚಿ ತೆರೆಯುತ್ತದೆ. ಮಾಪಕ ಒಂದು ಬದಿಗೆ ವಾಲಿದ್ದರೆ ಒಂದು ಬಟ್ಟಲು ಬೇಗ, ಇನ್ನೊಂದು ತಡವಾಗಿ ಮಗುಚುತ್ತದೆ, ಲೆಕ್ಕವೇ ಕೆಡುತ್ತದೆ. ಗಾರೆ ಕೆಲಸದವರ ರಸಮಟ್ಟವನ್ನು ಎರಡು ದಿಕ್ಕಿನಲ್ಲೂ ಇಟ್ಟು ನೋಡಿ ಬೋಲ್ಟನ್ನು ಬಿಗಿಯಿರಿ. ರೈಟರ ಹಳೆಯ ಮಾಪಕವನ್ನು ತೆಗೆಯಬೇಡಿ. ಹೊಸದನ್ನು ಅದರಿಂದ ಐದಾರು ಅಡಿ ದೂರದಲ್ಲಿಟ್ಟರೆ ಹೋಲಿಕೆಗೆ ಅನುಕೂಲ.

ಕರೆಂಟು

ಈ ಭಾಗವನ್ನು ಅವಸರದಲ್ಲಿ ಓದಬಾರದೆಂದು ಕೋರುತ್ತೇನೆ. ಫೋನ್ ಚಾರ್ಜರಿನಿಂದ ನೇರವಾಗಿ ಬೋರ್ಡಿಗೆ ಕರೆಂಟು ಕೊಟ್ಟರೆ ಪ್ರತಿ ಸಲ ಕರೆಂಟು ಹೋದಾಗಲೂ ಕಂಪ್ಯೂಟರಿನ ಕತ್ತು ಹಿಸುಕಿದಂತೆ. ಕಾರ್ಡಿಗೆ ಏನನ್ನೋ ಬರೆಯುತ್ತಿರುವಾಗ ಹಾಗಾದರೆ ಬರಹ ಅರ್ಧಕ್ಕೆ ನಿಂತು ಕಡತಗಳು ಕೆಡುತ್ತವೆ. ಮನೆಯ ಇನ್ವರ್ಟರಿಗೆ ಜೋಡಿಸಿದರೆ ತೊಂದರೆ ಕಡಿಮೆಯಾದರೂ ತಪ್ಪುವುದಿಲ್ಲ, ಏಕೆಂದರೆ ಮರ ಬಿದ್ದು ಎರಡು ದಿನ ಕರೆಂಟು ಬಾರದಿದ್ದಾಗ ಇನ್ವರ್ಟರೂ ಒಮ್ಮೆಲೇ ಕೈಬಿಡುತ್ತದೆ. ಪವರ್ ಬ್ಯಾಂಕುಗಳ ಮೇಲೆ ನನಗೆ ನಂಬಿಕೆಯಿಲ್ಲ. ಹಲವು ಪವರ್ ಬ್ಯಾಂಕುಗಳು ಬಳಕೆ ತೀರಾ ಕಡಿಮೆಯಿದ್ದರೆ ತಾವಾಗಿ ಆರಿಹೋಗುತ್ತವೆ, ಇನ್ನು ಕೆಲವು ಚಾರ್ಜಿಗೆ ಹಾಕಿದ ಅಥವಾ ತೆಗೆದ ಕ್ಷಣದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟು ಕಡಿಯುತ್ತವೆ. ಬೋರ್ಡು ಮತ್ತೆ ಮೊದಲಿಂದ ಏಳಲು ಅಷ್ಟು ಸಾಕು. ಸೌರ ಫಲಕದ ಮಾತಂತೂ ಬೇಡ. ಹೆಚ್ಚಾಗಿ ಅಳೆಯಬೇಕಾಗಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು. ಆಗ ಸೂರ್ಯನ ಮುಖ ಕಂಡರೆ ಪುಣ್ಯ.

ಆದ್ದರಿಂದ 12 ವೋಲ್ಟ್ ಬ್ಯಾಟರಿ ಸದಾ ಚಾರ್ಜರಿನಲ್ಲಿರಬೇಕು, ಬೋರ್ಡು ಸದಾ ಬ್ಯಾಟರಿಯಿಂದಲೇ ನಡೆಯಬೇಕು. ಚಾರ್ಜರ್ ಬ್ಯಾಟರಿಯನ್ನು 13.5ರಿಂದ 13.8 ವೋಲ್ಟಿನಲ್ಲಿ ತೇಲಿಸಿ ಇಡುವ ಫ್ಲೋಟ್ ಬಗೆಯದಾಗಿರಲಿ. ಹೆಚ್ಚಾದರೆ ಬ್ಯಾಟರಿ ಉಬ್ಬುತ್ತದೆ. ಲೆಕ್ಕ ಹೀಗೆ: 12 ವೋಲ್ಟ್, 7 ಆಂಪಿಯರ್-ಅವರ್ ಎಂದರೆ 84 ವಾಟ್-ಅವರ್; ಬ್ಯಾಟರಿ ಬಾಳಬೇಕಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು, ಅಂದರೆ 42. ಬೋರ್ಡು, ಪೆನ್ ಡ್ರೈವ್ ಮತ್ತು ಕನ್ವರ್ಟರಿನ ನಷ್ಟ ಎಲ್ಲ ಸೇರಿ ಒಂದೂವರೆ ವಾಟ್ ಎಂದಿಟ್ಟುಕೊಂಡರೆ 28 ಗಂಟೆ ನಡೆಯುತ್ತದೆ. ಇದು ಸಾಲದೆಂದು ಕಂಡವರು ದೊಡ್ಡ ಬ್ಯಾಟರಿ ತರಬೇಕು. ಉಳಿದ ಜೋಡಣೆ ಬದಲಾಗುವುದಿಲ್ಲ.

ಬ್ಯಾಟರಿಯ ಪಾಸಿಟಿವ್ ತುದಿಯಿಂದ ಹೊರಟ ತಂತಿ ಮೊದಲು ಫ್ಯೂಸಿಗೆ, ಅಲ್ಲಿಂದ ಕಟ್-ಆಫ್ ಮಾಡ್ಯೂಲಿಗೆ, ಅಲ್ಲಿಂದ ಬಕ್ ಕನ್ವರ್ಟರಿಗೆ ಹೋಗಲಿ. ಕಟ್-ಆಫನ್ನು 11.5 ವೋಲ್ಟಿಗೆ, ಮತ್ತೆ ಜೋಡಣೆಯಾಗುವ ಮಟ್ಟವನ್ನು 12.5 ವೋಲ್ಟಿಗೆ ಇಡಿ. ಇವೆರಡರ ನಡುವೆ ಅಂತರವಿಲ್ಲದಿದ್ದರೆ, ಹೊರೆ ಇಳಿದ ಕೂಡಲೇ ಬ್ಯಾಟರಿಯ ವೋಲ್ಟೇಜ್ ತುಸು ಏರಿ ಬೋರ್ಡು ಎದ್ದು, ಎದ್ದೊಡನೆ ವೋಲ್ಟೇಜ್ ಇಳಿದು ಬೋರ್ಡು ಬಿದ್ದು, ರಾತ್ರಿಯಿಡೀ ಇದೇ ನಡೆಯುತ್ತದೆ.

ಬಕ್ ಕನ್ವರ್ಟರಿನಲ್ಲಿ ಹಿತ್ತಾಳೆಯ ಒಂದು ಸಣ್ಣ ಸ್ಕ್ರೂ ಇರುತ್ತದೆ. ಹೊಸದಾಗಿ ತಂದ ಕನ್ವರ್ಟರಿನ ಹೊರಮುಖದಲ್ಲಿ ಹೆಚ್ಚುಕಡಿಮೆ 12 ವೋಲ್ಟೇ ಇರಬಹುದು. ಅದನ್ನು ಹಾಗೆಯೇ ಬೋರ್ಡಿಗೆ ಕೊಟ್ಟರೆ ಬೋರ್ಡು ಅಲ್ಲಿಗೆ ಮುಗಿಯಿತು. ಬೋರ್ಡನ್ನು ದೂರವಿಟ್ಟು, ಮಲ್ಟಿಮೀಟರಿನ ಕಡ್ಡಿಗಳನ್ನು ಹೊರಮುಖಕ್ಕೆ ಹಿಡಿದು, ಸ್ಕ್ರೂ ತಿರುಗಿಸುತ್ತ 5.1 ವೋಲ್ಟಿಗೆ ತಂದು, ಮತ್ತೆ ಅಲುಗದಂತೆ ಸ್ಕ್ರೂವಿನ ಮೇಲೆ ಒಂದು ಹನಿ ಉಗುರುಬಣ್ಣ ಹಾಕಿ. ಕನ್ವರ್ಟರಿನಿಂದ ಬೋರ್ಡಿಗೆ ಹೋಗುವ ಕೇಬಲ್ ಗಿಡ್ಡವಾಗಿ ದಪ್ಪವಾಗಿರಬೇಕು. ರಾಸ್ಪ್‌ಬೆರಿ ಪೈನ ದೊಡ್ಡ ಬೋರ್ಡುಗಳು ವೋಲ್ಟೇಜ್ ಸುಮಾರು 4.63ಕ್ಕಿಂತ ಇಳಿದಾಗ ಎಚ್ಚರಿಕೆ ಕೊಡುತ್ತವೆ. ಝೀರೋ ಸರಣಿಯ ಬೋರ್ಡುಗಳಲ್ಲಿ ಆ ಸೌಲಭ್ಯವೇ ಇಲ್ಲ. ತೆಳು ಕೇಬಲಿನಿಂದ ವೋಲ್ಟೇಜ್ ಸೋರುತ್ತಿದ್ದರೂ ಅದು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಆಗೀಗ ಕೆಡುತ್ತದೆ. ಬೋರ್ಡಿನ 5 ವೋಲ್ಟ್ ಪಿನ್ನಿಗೂ ನೆಲದ (ಗ್ರೌಂಡ್) ಪಿನ್ನಿಗೂ ಮೀಟರ್ ಹಿಡಿದು ಒಮ್ಮೆ ನೋಡಿಬಿಡಿ.

ಬ್ಯಾಟರಿಯ ಇನ್ನೊಂದು ಉಪಯೋಗ ಕೆಲಸ ಮುಗಿದ ಮೇಲೆ ನನಗೆ ಹೊಳೆಯಿತು. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು–ಸಿಡಿಲಿನಲ್ಲಿ ಎಲೆಕ್ಟ್ರಾನಿಕ್ ಸಾಮಾನು ಸುಡುವುದು ಬಹುಮಟ್ಟಿಗೆ ಕರೆಂಟು ತಂತಿಯ ಮೂಲಕ ಬರುವ ಹೊಡೆತದಿಂದ. ಗುಡುಗು ಕೇಳಿಸಿದೊಡನೆ ಚಾರ್ಜರಿನ ಪ್ಲಗ್ ಕಿತ್ತಿಟ್ಟರೂ ಮಾಪಕ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ. ಇದೇ ಕಾರಣಕ್ಕೆ ಮನೆಯಿಂದ ಕಣದವರೆಗೆ ನೆಟ್‌ವರ್ಕ್ ಕೇಬಲ್ ಎಳೆಯದೆ ವೈಫೈಯನ್ನೇ ಬಳಸಬೇಕು. ನೇರವಾಗಿ ಮೇಲೆ ಬೀಳುವ ಸಿಡಿಲಿಗೆ ಇದ್ಯಾವುದೂ ಮದ್ದಲ್ಲ.

ಗಡಿಯಾರ

ಝೀರೋ 2 ಡಬ್ಲ್ಯೂ ಬೋರ್ಡಿನಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಇಂಟರ್‌ನೆಟ್ ಇದ್ದರೆ ಅಲ್ಲಿಂದ ಸಮಯ ಕೇಳಿಕೊಳ್ಳುತ್ತದೆ; ಇಲ್ಲದಿದ್ದರೆ ತಾನು ಆರುವ ಮುಂಚೆ ಉಳಿಸಿಕೊಂಡಿದ್ದ ಸಮಯವನ್ನೇ ಈಗಿನ ಸಮಯವೆಂದು ಭಾವಿಸಿ ಎಣಿಕೆ ಮುಂದುವರಿಸುತ್ತದೆ. ಕರೆಂಟು ಹೋದ ಊರಿನಲ್ಲಿ ಇಂಟರ್‌ನೆಟ್ಟೂ ಹೋಗಿರುತ್ತದೆ. ನನ್ನ ಮೊದಲ ಯಂತ್ರದಲ್ಲಿ ಒಂದೇ ರಾತ್ರಿ ಎರಡು ತಾರೀಖಾದದ್ದು ಹೀಗೆ.

ಡಿಎಸ್3231 ಈ ಕೊರತೆಯನ್ನು ತುಂಬುತ್ತದೆ. ಉಷ್ಣತೆಯ ಏರಿಳಿತವನ್ನು ತಾನೇ ಸರಿದೂಗಿಸಿಕೊಳ್ಳುವ ಈ ಗಡಿಯಾರ ವರ್ಷಕ್ಕೆ ತಪ್ಪಿದರೂ ಸುಮಾರು ಒಂದು ನಿಮಿಷದಷ್ಟೇ. ಅದರ ವಿಸಿಸಿ (VCC) ತಂತಿ ಬೋರ್ಡಿನ 1ನೇ ಪಿನ್ನಿಗೆ, ಎಸ್‌ಡಿಎ (SDA) 3ನೇ ಪಿನ್ನಿಗೆ, ಎಸ್‌ಸಿಎಲ್ (SCL) 5ನೇ ಪಿನ್ನಿಗೆ, ಗ್ರೌಂಡ್ 9ನೇ ಪಿನ್ನಿಗೆ ಹೋಗಲಿ. 1ನೇ ಪಿನ್ನು 3.3 ವೋಲ್ಟಿನದು, ಪಕ್ಕದಲ್ಲೇ ಇರುವ 2ನೇ ಪಿನ್ನಿನ 5 ವೋಲ್ಟನ್ನು ಕೊಡಬಾರದು. ಇದಕ್ಕೆ ಎರಡು ಕಾರಣಗಳಿವೆ. ಪೈನ ಪಿನ್ನುಗಳು 3.3 ವೋಲ್ಟಿಗಿಂತ ಹೆಚ್ಚನ್ನು ಸಹಿಸುವುದಿಲ್ಲ ಎಂಬುದು ಮೊದಲನೆಯದು. ಎರಡನೆಯದಾಗಿ, ಅಗ್ಗದ ನೀಲಿ ಮಾಡ್ಯೂಲುಗಳಲ್ಲಿ ಮರುಚಾರ್ಜ್ ಆಗುವ ಬಿಲ್ಲೆ ಬ್ಯಾಟರಿಗೆಂದು ಚಾರ್ಜಿಂಗ್ ಸರ್ಕ್ಯೂಟ್ ಇರುತ್ತದೆ. ನಾವು ಹಾಕುವ ಸಾಮಾನ್ಯ ಸಿಆರ್2032 ಬಿಲ್ಲೆಗೆ 5 ವೋಲ್ಟಿನ ದಾರಿಯಲ್ಲಿ ಚಾರ್ಜ್ ಹರಿದರೆ ಅದು ಉಬ್ಬಿ ಒಡೆಯಬಹುದು.

ಮುಂದಿನ ಭಾಗದಲ್ಲಿ ಹೇಳುವಂತೆ ಕಾರ್ಡು ಸಿದ್ಧವಾದ ನಂತರ, ಬೋರ್ಡಿನ ಹೊಂದಿಕೆಗಳನ್ನು ಬದಲಿಸುವ ರಾಸ್ಪಿ-ಕಾನ್ಫಿಗ್‌ನಲ್ಲಿ (raspi-config) ಐ2ಸಿಯನ್ನು (ಬೋರ್ಡು ಇಂಥ ಮಾಡ್ಯೂಲಿನೊಡನೆ ಮಾತಾಡುವ ದಾರಿ) ಚಾಲೂ ಮಾಡಿ, ಬೂಟ್ ವಿಭಾಗದ ಕಾನ್ಫಿಗ್ (config.txt) ಕಡತದಲ್ಲಿ ಈ ಗಡಿಯಾರದ ಓವರ್‌ಲೇಯನ್ನು (ಇಂಥ ಮಾಡ್ಯೂಲ್ ಇದೆಯೆಂದು ವ್ಯವಸ್ಥೆಗೆ ತಿಳಿಸುವ ವಿವರ) ಹೆಸರಿಸಿ, ಬೋರ್ಡನ್ನು ಮತ್ತೆ ಏಳಿಸಿ. ಐ2ಸಿ ಪಟ್ಟಿಯನ್ನು ತೆಗೆದು ನೋಡಿದರೆ ಮೊದಲು 68 ಎಂದು ಕಾಣುತ್ತಿದ್ದ ಜಾಗದಲ್ಲಿ ‘ಯುಯು’ (UU) ಎಂಬ ಎರಡಕ್ಷರ ಕಾಣಬೇಕು. ವ್ಯವಸ್ಥೆಯು ಗಡಿಯಾರವನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿದೆ ಎಂಬುದರ ಗುರುತು ಅದು.

ಕಾರ್ಡಿನ ರಕ್ಷಣೆ

ಕಾರ್ಡಿಗೆ ರಾಸ್ಪ್‌ಬೆರಿ ಪೈ ಇಮೇಜರ್ ಬಳಸಿ ರಾಸ್ಪ್‌ಬೆರಿ ಪೈ ಓಎಸ್‌ನ ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿಯನ್ನು ಬರೆಯಿರಿ. ವೈಫೈ ಹೆಸರು, ಗುಪ್ತಪದ, ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಬೋರ್ಡಿಗೆ ಆಜ್ಞೆ ಕೊಡುವ) ಅನುಮತಿ ಇವನ್ನೆಲ್ಲ ಅಲ್ಲೇ ತುಂಬಬಹುದು. ಇದರಲ್ಲಿ ವಿಶೇಷವೇನಿಲ್ಲ.

ವಿಶೇಷವಿರುವುದು ಮುಂದಿನ ಹೆಜ್ಜೆಯಲ್ಲಿ. ಪ್ರೋಗ್ರಾಮೆಲ್ಲ ಸಿದ್ಧವಾಗಿ ಪರೀಕ್ಷೆ ಮುಗಿದ ಮೇಲೆ ರಾಸ್ಪಿ-ಕಾನ್ಫಿಗ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿರುವ ಓವರ್‌ಲೇ ಫೈಲ್ ಸಿಸ್ಟಮನ್ನು ಚಾಲೂ ಮಾಡಬೇಕು. ಆಗಿನಿಂದ ಕಾರ್ಡು ಓದಲು ಮಾತ್ರ. ವ್ಯವಸ್ಥೆ ಬರೆಯುವುದೆಲ್ಲ ಮೆಮೊರಿಯಲ್ಲಿ ಉಳಿದು, ಬೋರ್ಡು ಆರಿದಾಗ ಅಳಿದುಹೋಗುತ್ತದೆ. ಕರೆಂಟು ಎಷ್ಟು ಸಲ ಹೋದರೂ ಕಾರ್ಡಿಗೆ ಕೇಡಿಲ್ಲ. ಆದರೆ ಮಳೆಯ ದಾಖಲೆ ಅಳಿಯಬಾರದಷ್ಟೇ. ಅದಕ್ಕಾಗಿಯೇ ಪೆನ್ ಡ್ರೈವ್. ಅದನ್ನು ಇಎಕ್ಸ್‌ಟಿ4 (ext4) ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಬೋರ್ಡು ಏಳುವಾಗ ತಾನಾಗಿ ಜೋಡಣೆಯಾಗುವಂತೆ ಎಫ್‌ಎಸ್‌ಟ್ಯಾಬ್ (fstab) ಕಡತದಲ್ಲಿ ಬರೆಯಿರಿ, ಆ ಸಾಲಿನಲ್ಲಿ ‘ನೋಫೇಲ್’ (nofail) ಎಂಬ ಆಯ್ಕೆಯನ್ನು ಮರೆಯದೆ ಸೇರಿಸಿ. ಅದಿಲ್ಲದಿದ್ದರೆ ಪೆನ್ ಡ್ರೈವ್ ಸಡಿಲಗೊಂಡ ದಿನ ಬೋರ್ಡು ಅದಕ್ಕಾಗಿ ಕಾಯುತ್ತ ಪೂರ್ತಿ ಏಳದೆ ಕೂರುತ್ತದೆ.

ಮಾಪಕದ ತಂತಿ

ರೀಡ್ ಸ್ವಿಚ್ಚಿಗೆ ಎರಡು ತಂತಿಗಳು. ಯಾವುದು ಯಾವ ಕಡೆಗಾದರೂ ಆದೀತು. ಒಂದನ್ನು 14ನೇ ಪಿನ್ನಿಗೆ, ಅಂದರೆ ಗ್ರೌಂಡಿಗೆ ಕೊಡಿ. ಇನ್ನೊಂದು ತಂತಿಯನ್ನು 1 ಕಿಲೋ ಓಮ್ ರೆಸಿಸ್ಟರಿನ ಮೂಲಕ 11ನೇ ಪಿನ್ನಿಗೆ ತನ್ನಿ; ಅದರ ಪ್ರೋಗ್ರಾಮಿನ ಹೆಸರು ಜಿಪಿಐಒ 17. ಮಾಪಕದ ಕಡೆಯಿಂದ ಬರುವ ಅದೇ ತಂತಿಯನ್ನು 10 ಕಿಲೋ ಓಮ್ ರೆಸಿಸ್ಟರಿನ ಮೂಲಕ 17ನೇ ಪಿನ್ನಿನ 3.3 ವೋಲ್ಟಿಗೆ ಎತ್ತಿಕಟ್ಟಿ (ಪುಲ್-ಅಪ್), 100 ನ್ಯಾನೋ ಫ್ಯಾರಡ್ ಕೆಪ್ಯಾಸಿಟರನ್ನು ಅಲ್ಲಿಂದ ಗ್ರೌಂಡಿಗೆ ಹಾಕಿ. ಬೋರ್ಡಿನ ಒಳಗೇ ಎತ್ತಿಕಟ್ಟುವ ರೆಸಿಸ್ಟರ್ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಅದು ಸುಮಾರು 50 ಕಿಲೋ ಓಮ್‌ನದು, ತೀರಾ ದುರ್ಬಲ. ಹೊರಗೆ ಎಳೆದ ತಂತಿ ಆಂಟೆನಾದಂತೆ ವರ್ತಿಸಿ, ದೂರದಲ್ಲಿ ಮಿಂಚಿದರೂ, ಪಕ್ಕದ ಪಂಪ್‌ಸೆಟ್ಟಿನ ಸ್ಟಾರ್ಟರ್ ಹಾಕಿದರೂ ಇಲ್ಲದ ಮಳೆಯನ್ನು ಎಣಿಸುತ್ತದೆ. ಪಂಪ್ ಚಾಲೂ ಆದಾಗಲೆಲ್ಲ ಒಂದು ಸೆಂಟ್ಸ್ ಮಳೆ ಬೀಳುವ ಚಮತ್ಕಾರವನ್ನು ನಾನು ಒಂದು ವಾರ ನೋಡಿದ್ದೇನೆ. ತಂತಿ ಆದಷ್ಟು ಗಿಡ್ಡವಿರಲಿ; ಬಾಕ್ಸನ್ನು ಮಾಪಕದ ಕಂಬಕ್ಕೇ ಕಟ್ಟಿದರೆ ಎರಡಡಿಯಲ್ಲಿ ಮುಗಿಯುತ್ತದೆ.

ಪ್ರೋಗ್ರಾಂ

ಪೈಥಾನಿನ ಜಿಪಿಐಒ ಝೀರೋ ಲೈಬ್ರರಿಯಲ್ಲಿ ಬಟನ್ ಎಂಬ ವರ್ಗವಿದೆ. ಮಾಪಕವನ್ನು ಗುಂಡಿಯೆಂದೇ ತಿಳಿದು, ಒತ್ತಿದಾಗಲೆಲ್ಲ ನಮ್ಮ ಫಂಕ್ಷನ್ನನ್ನು ಕರೆಯುವಂತೆ ಹೇಳಬೇಕು. ಹೊರಗಿನ ರೆಸಿಸ್ಟರ್ ಇರುವುದರಿಂದ ಒಳಗಿನ ಪುಲ್-ಅಪ್ಪನ್ನು ಬಿಟ್ಟು, ಪಿನ್ ನೆಲಕ್ಕಿಳಿದಾಗ ಒತ್ತಿದಂತೆ ಎಂದು ಸೂಚಿಸಿ. ರೀಡ್ ಸ್ವಿಚ್ಚು ಒಮ್ಮೆ ಮುಚ್ಚುವಾಗ ಹಲವು ಸಲ ತಟಪಟ ಎನ್ನುತ್ತದೆ. ಅದನ್ನು ಒಂದೇ ಎಂದು ಎಣಿಸಲು, ಹಿಂದಿನ ಎಣಿಕೆಯಾಗಿ 300 ಮಿಲಿಸೆಕೆಂಡು ಕಳೆಯದಿದ್ದರೆ ಹೊಸದನ್ನು ಕೈಬಿಡಬೇಕು. ಇದರಿಂದ ನಿಜವಾದ ಮಳೆ ತಪ್ಪಿಹೋಗದೇ ಎಂಬ ಸಂಶಯ ಬೇಡ. ಬಟ್ಟಲು ಒಮ್ಮೆ ಮಗುಚಿದರೆ 0.2794 ಮಿಲಿಮೀಟರ್, ಅಂದರೆ ಸರಿಯಾಗಿ 1.1 ಸೆಂಟ್ಸ್ ಎಣಿಸುವ ಸಾಮಾನ್ಯ ಮಾಪಕದಲ್ಲಿ, ಗಂಟೆಗೆ ನಾಲ್ಕು ಇಂಚಿನ ಕುಂಭದ್ರೋಣ ಮಳೆಯಲ್ಲೂ ಎರಡು ಮಗುಚಿನ ನಡುವೆ ಹತ್ತು ಸೆಕೆಂಡಿರುತ್ತದೆ. ಈ ಹೋಲಿಕೆಗೆ ಎಂದೂ ಹಿಂದಕ್ಕೆ ಹೋಗದ ಮಾನೋಟಾನಿಕ್ (monotonic) ಗಡಿಯಾರವನ್ನು ಬಳಸಿ. ಸಾಮಾನ್ಯ ಗಡಿಯಾರವನ್ನು ವ್ಯವಸ್ಥೆ ನಡುವೆ ತಿದ್ದಿದರೆ ಲೆಕ್ಕ ತಪ್ಪುತ್ತದೆ.

ಗಂಟೆಯ ಮೊತ್ತವನ್ನು ಬರೆಯುವ ಬದಲು ಪ್ರತಿ ಮಗುಚಿಗೂ ತಾರೀಖು ಮತ್ತು ಸಮಯದ ಒಂದೊಂದು ಸಾಲನ್ನು ಪೆನ್ ಡ್ರೈವಿಗೆ ಬರೆದು, ಆ ಕ್ಷಣವೇ ಎಫ್‌ಸಿಂಕ್ (fsync) ಮೂಲಕ ಡ್ರೈವಿಗೆ ಮುಟ್ಟಿಸಿಬಿಡಬೇಕು. ದಿನಕ್ಕೆ ಹತ್ತು ಇಂಚು ಮಳೆ ಬಂದರೂ 909 ಸಾಲು; ಸಾಲಿಗೆ 25 ಬೈಟ್‌ನಂತೆ 23 ಕೆಬಿಯೂ ಆಗುವುದಿಲ್ಲ. ಮೂಲ ದಾಖಲೆ ಹೀಗೆ ಇದ್ದರೆ ಮೊತ್ತವನ್ನು ಯಾವಾಗ ಬೇಕಾದರೂ ಯಾವ ರೀತಿಯಲ್ಲಿ ಬೇಕಾದರೂ ಹಾಕಬಹುದು. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ, ನಿಮ್ಮ ರೈಟರು ಏಳು ಗಂಟೆಗೆ ಅಳೆಯುವವರಾದರೆ ಏಳರಿಂದ ಏಳಕ್ಕೆ ಕೂಡಿಸಿ ಪುಸ್ತಕದೊಂದಿಗೆ ಹೋಲಿಸಬೇಕು. ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡಿಸಿ, ಎರಡೂ ತಾಳೆಯಾಗುತ್ತಿಲ್ಲವೆಂದು ಯಂತ್ರವನ್ನೋ ರೈಟರನ್ನೋ ದೂರುವುದು ಸುಲಭ.

ಪ್ರೋಗ್ರಾಮನ್ನು ಬೋರ್ಡು ಎದ್ದೊಡನೆ ತಾನಾಗಿ ನಡೆಯುವ ಸಿಸ್ಟಮ್‌ಡಿ (systemd) ಸೇವೆಯಾಗಿ ಮಾಡಿ, ಬಿದ್ದರೆ ಮತ್ತೆ ತಾನಾಗಿ ಏಳುವಂತೆ ಹೇಳಿ. ಬೋರ್ಡೇ ಸ್ತಬ್ಧವಾದರೆ ಅದನ್ನು ಮತ್ತೆ ಏಳಿಸಲು ಅದರೊಳಗಿರುವ ವಾಚ್‌ಡಾಗನ್ನೂ ಚಾಲೂ ಮಾಡಿ. ಅದರ ಗರಿಷ್ಠ ಅವಧಿ 15 ಸೆಕೆಂಡು. ಫೋನಿನಲ್ಲಿ ನೋಡುವ ಪುಟ ಎಷ್ಟು ಸರಳವಾಗಿದ್ದರೆ ಅಷ್ಟು ಒಳ್ಳೆಯದು: ಇಂದಿನ ಮೊತ್ತ, ಗಂಟೆವಾರು ಕಂಬಗಳು, ಸೆಂಟ್ಸ್‌ನಲ್ಲಿ. ಮನೆಯ ಹಿರಿಯರಿಗೆ ಮಿಲಿಮೀಟರ್ ತೋರಿಸಿದರೆ ಅವರು ಆ ಪುಟವನ್ನು ಎರಡನೇ ಸಲ ತೆರೆಯುವುದಿಲ್ಲ.

ಓವರ್‌ಲೇ ಫೈಲ್ ಸಿಸ್ಟಮ್ ಚಾಲೂ ಮಾಡಿದ ಮೇಲೆ, ಕಣಕ್ಕೆ ಒಯ್ಯುವ ಮುಂಚೆ, ಯಂತ್ರವನ್ನು ಒಂದು ವಾರ ಮೇಜಿನ ಮೇಲೆ ನಡೆಸಿ. ಆ ವಾರದಲ್ಲಿ ಕನಿಷ್ಠ 20 ಸಲ ಬ್ಯಾಟರಿಯ ತಂತಿಯನ್ನು ಬೇಕೆಂದೇ ಕಿತ್ತು, ಬಟ್ಟಲನ್ನು ಬೆರಳಿನಿಂದ ಮಗುಚುತ್ತಿರುವಾಗಲೂ ಕಿತ್ತು, ಪ್ರತಿ ಸಲವೂ ಅದು ಸರಿಯಾದ ಸಮಯದೊಂದಿಗೆ ಎದ್ದು ಎಣಿಕೆ ಮುಂದುವರಿಸುತ್ತದೆಯೇ ಎಂದು ನೋಡಬೇಕು. ವೈಫೈ ಆರಿಸಿಟ್ಟು ಇದನ್ನೇ ಇನ್ನೊಮ್ಮೆ ಮಾಡಿ. ಗಡಿಯಾರದ ತಪ್ಪು ಹೊರಬೀಳುವುದು ಆಗಲೇ.

ಅಳತೆಯ ಪರೀಕ್ಷೆ

ಡಬ್ಬಿಯ ಮೇಲೆ ಬರೆದ 0.2794 ಎಂಬ ಅಂಕಿಯನ್ನು ನಂಬಿ ಕೂರಬೇಡಿ. ಮಾಪಕದ ಬಾಯಿಯನ್ನು ಅಳೆಯಿರಿ. ಅದು 11 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲವಿದ್ದರೆ ವಿಸ್ತೀರ್ಣ 55 ಚದರ ಸೆಂಟಿಮೀಟರ್. ಅದರ ಮೇಲೆ ಒಂದು ಇಂಚು ಮಳೆ ಎಂದರೆ 55ನ್ನು 2.54ರಿಂದ ಗುಣಿಸಿದಷ್ಟು, ಹತ್ತಿರ ಹತ್ತಿರ 140 ಮಿಲಿಲೀಟರ್ ನೀರು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಡ್ರಿಪ್ ಸೆಟ್ಟನ್ನು ನೀರಿನ ಬಾಟಲಿಗೆ ಚುಚ್ಚಿ, ಅಳೆದ 140 ಮಿಲಿಲೀಟರ್ ನೀರು ನಲವತ್ತು ನಿಮಿಷದಲ್ಲಿ ಮಾಪಕಕ್ಕೆ ಹನಿಯುವಂತೆ ಚಕ್ರವನ್ನು ಹೊಂದಿಸಿ. ಯಂತ್ರ 91 ಎಣಿಸಬೇಕು. 85 ಎಣಿಸಿದರೆ ನಿಮ್ಮ ಮಾಪಕದ ಒಂದು ಮಗುಚು 1.1 ಅಲ್ಲ, 100ನ್ನು 85ರಿಂದ ಭಾಗಿಸಿದಷ್ಟು, ಅಂದರೆ 1.18 ಸೆಂಟ್ಸ್. ಮೂರು ಸಲ ಮಾಡಿ ಸರಾಸರಿ ಹಿಡಿದು ಅದನ್ನೇ ಪ್ರೋಗ್ರಾಮಿನಲ್ಲಿ ಬರೆಯಿರಿ.

ನೀರನ್ನು ಲೋಟದಿಂದ ಸುರಿದು ಪರೀಕ್ಷಿಸುವುದು ಸಾಮಾನ್ಯ ತಪ್ಪು. ಬಟ್ಟಲು ಮಗುಚುತ್ತಿರುವ ಆ ಅರೆಗಳಿಗೆಯಲ್ಲೂ ಮೇಲಿನಿಂದ ನೀರು ಬೀಳುತ್ತಲೇ ಇರುತ್ತದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ. ನಿಜವಾದ ಬಿರುಮಳೆಯಲ್ಲೂ ಇದೇ ಆಗುವುದರಿಂದ, ಅಷ್ಟೇ ನೀರನ್ನು ಕಾಲು ಗಂಟೆಯಲ್ಲಿ ಹನಿಸಿ ಇನ್ನೊಂದು ಪರೀಕ್ಷೆ ಮಾಡಿ, ಎಣಿಕೆ ಎಷ್ಟು ಕಡಿಮೆಯಾಯಿತೆಂದು ಬರೆದಿಟ್ಟುಕೊಳ್ಳಿ. ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ರೈಟರ ಪುಸ್ತಕಕ್ಕಿಂತ ಯಂತ್ರದ ಅಂಕಿ ಅಷ್ಟರಮಟ್ಟಿಗೆ ಹಿಂದೆ ಬಿದ್ದರೆ ಗಾಬರಿಯಾಗಬೇಕಿಲ್ಲ.

ಬಾಕ್ಸು ಮತ್ತು ಮಳೆಗಾಲದ ನಿಗಾ

ತಂತಿಗಳೆಲ್ಲ ಬಾಕ್ಸಿನ ತಳದಿಂದಲೇ ಒಳಹೋಗಲಿ, ಒಳಹೋಗುವ ಮುಂಚೆ ಒಂದು ಗೇಣಿನಷ್ಟು ಕೆಳಗೆ ಜೋತು ಮೇಲೇರಲಿ; ತಂತಿಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಬಾಕ್ಸನ್ನು ಎಂ-ಸೀಲ್ ಹಾಕಿ ಉಸಿರಾಡದಂತೆ ಮುಚ್ಚಿದರೆ ಒಳಗಿನ ತೇವ ಒಳಗೇ ಹನಿಗಟ್ಟುತ್ತದೆ. ತಳದಲ್ಲಿ ಪೆನ್ಸಿಲ್ ತುದಿಯಷ್ಟು ರಂಧ್ರವೊಂದನ್ನು ಕೊರೆದು ಅದಕ್ಕೆ ಸ್ಟೀಲ್ ಜಾಲರಿ ಅಂಟಿಸಿ. ಸಿಲಿಕಾ ಜೆಲ್ ಚೀಲ ನಮ್ಮ ಜುಲೈನ ತೇವಕ್ಕೆ ಬಹಳ ದಿನ ನಿಲ್ಲುವುದಿಲ್ಲ. ಸದಾ ಚಾಲೂ ಇರುವ ಬೋರ್ಡಿನ ಬಿಸಿಯೇ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಬ್ಯಾಟರಿ ಮತ್ತು ಚಾರ್ಜರನ್ನು ಈ ಬಾಕ್ಸಿನಲ್ಲಿಡದೆ, ಕಣದ ಪಕ್ಕದ ಗೋದಾಮಿನೊಳಗಿಟ್ಟು 12 ವೋಲ್ಟಿನ ತಂತಿಯನ್ನಷ್ಟೇ ಹೊರಗೆ ತರಬೇಕು. ಐದು ವೋಲ್ಟನ್ನು ಅಷ್ಟು ದೂರ ಎಳೆದರೆ ದಾರಿಯಲ್ಲೇ ಸೋರುತ್ತದೆ, ಆದ್ದರಿಂದ ಕನ್ವರ್ಟರ್ ಬಾಕ್ಸಿನೊಳಗೇ ಇರಲಿ.

ಇರುವೆಗಳಿಗೆ ಬೆಚ್ಚಗಿನ ಬಾಕ್ಸೆಂದರೆ ಪ್ರೀತಿ. ಕಂಬಕ್ಕೆ ಒಂದು ಸುತ್ತು ಗ್ರೀಸ್ ಬಳಿದು, ಮಳೆಗೆ ತೊಳೆದುಹೋದಾಗ ಮತ್ತೆ ಬಳಿಯಿರಿ. ಮಾಪಕದ ಒಳಗೆ ಜೇಡ ಕಟ್ಟುವ ಒಂದೆಳೆ ಬಲೆಯೂ ಬಟ್ಟಲನ್ನು ಅಲುಗದಂತೆ ಹಿಡಿಯಬಲ್ಲದು. ಬೇಸಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಆದ್ದರಿಂದ ಹೂಮಳೆಗೆ ಮುಂಚೆ ಫೆಬ್ರುವರಿಯಲ್ಲೊಮ್ಮೆ, ಮುಂಗಾರಿಗೆ ಮುಂಚೆ ಮೇ ಕೊನೆಯಲ್ಲೊಮ್ಮೆ ಮುಚ್ಚಳ ತೆಗೆದು ಸ್ವಚ್ಛಗೊಳಿಸಿ, ರಸಮಟ್ಟವಿಟ್ಟು, ಡ್ರಿಪ್ ಸೆಟ್ಟಿನ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಮಳೆಗಾಲದ ನಡುವೆ ಅತಿ ಹೆಚ್ಚು ಕಾಡುವುದು ಸಿಲ್ವರ್ ಓಕ್ ಎಲೆ. ಗಾಳಿಗೆ ದೂರದಿಂದ ಹಾರಿಬಂದು ಫನೆಲ್ಲಿನ ತೂತಿಗೆ ಅಡ್ಡ ಕೂರುತ್ತದೆ. ತೂತು ಪೂರ್ತಿ ಮುಚ್ಚಿದರೆ ಎಣಿಕೆಯೇ ನಿಲ್ಲುವುದರಿಂದ ಸುಲಭವಾಗಿ ಗೊತ್ತಾಗುತ್ತದೆ; ಅರ್ಧ ಮುಚ್ಚಿದಾಗ ಗೊತ್ತಾಗುವುದು ಕಷ್ಟ. ಆಗ ಫನೆಲ್ಲಿನಲ್ಲಿ ನಿಂತ ನೀರು ಒಂದೇ ಸಮನೆ ಜಿನುಗುತ್ತಿರುತ್ತದೆ, ಗಂಟೆವಾರು ಕಂಬಗಳು ಏರಿಳಿಯದೆ ಒಂದೇ ಎತ್ತರಕ್ಕೆ ನಿಲ್ಲುತ್ತವೆ, ಹೊರಗೆ ಮಳೆ ಬಿಟ್ಟು ಬಿಸಿಲು ಬಂದರೂ ಪುಟದಲ್ಲಿ ಮಾತ್ರ ಜಡಿಮಳೆ ಮುಂದುವರಿದಿರುತ್ತದೆ. ನಮ್ಮ ಕಡೆಯ ಮಳೆ ಮೂರು ಗಂಟೆ ಕಾಲ ಒಂದೇ ಅಳತೆಯಲ್ಲಿ ಬೀಳುವುದಿಲ್ಲ. ಅಂಥ ಕಂಬಗಳು ಕಂಡ ದಿನ ಫನೆಲ್ ಬಿಚ್ಚಿ ತೊಳೆದು, ಆ ದಿನದ ಸಾಲುಗಳ ಪಕ್ಕದಲ್ಲಿ ಗುರುತು ಹಾಕಿ, ರೈಟರ ಪುಸ್ತಕದ ಅಂಕಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.